ಗೊರಸು ಹೋಗದ ಕಣ್ಣು

ಚಾದ ಗ್ಲಾಸೊಂದ ಚೀಲದಾಗ ಇಟಗೊಂಡು
ಲಕ್ಷ್ಮೇಶ್ವರ ಪ್ಯಾಟಿಗೆ ಹೊಂಟೆ.
ನಿನ್ನಿ ಸಂಜಿಕ ಮರಿ ಕುದರಿ ಮುಂಗಾಲ ಎತ್ತಿ ಹಿಡದು
ಅಳತಿ ನೋಡಿದ್ದೆ:
ಗ್ಲಾಸಿನ ಬಾಯಿ, ಅದರ ಗೊರಸು,
ಡಬ್ಬಿಗೆ ಮುಚ್ಚಳ ಕೂತಂಗ ಕೂತಿದ್ವು.

ಉಮಚಗಿ ಅಣ್ಣಾರ ಅಂಗಡ್ಯಾಗ
ಮುಳ್ಳುತಂತಿ ಸುರುಳಿ ಬಾಗಲದಾಗನ ಇರ್ತಾವ,
ಹೋಗೋರ ಧೋತರಾ, ಬರೋರ ಸೀರಿ
ಜಗ್ಗಿ ಜಗ್ಗಿ ಮಾತಾಡಸ್ತಾವ.
"ಕಿಲೋಕ್ಕ ತೊಂಬತ್ತು, ಹುಸೇನಬಿ.
ಮೂರು ಎಳಿ ಜಗ್ಗಿದ್ರ ಮುಗೀತು,
ಇಡೀ ಹೊಲಾ ಸುತ್ತಿ ಬರತೈತಿ,
ಮ್ಯಾಲ ಚಾಕ್ಕ ರೊಕ್ಕಾ ಉಳೀತಾವ."

ಅಗ್ಗದ್ದು ಖರೇ. ಲೆಕ್ಕ ನಂಗೂ ಬರತೈತಿ.
ಆಷಾಢದಾಗ ಯಾರ ಮದವಿ?
ಮದುಮಗ ಇಲ್ಲದ ತಿಂಗಳಂತ
ಕುದರಿ ತಿನ್ನೂದು ಬಿಡೂದಿಲ್ಲ.
ಸೀಜನ್ನಿನಾಗ ಉಳದದ್ದು ಹದಿನೆಂಟು ಸಾವಿರ,
ಲಾಳದ ಮೊಳಿ ಡಬ್ಬ್ಯಾಗ, ಮೊಳಿ ಕೆಳಗ.

ಆದ್ರ ಅಣ್ಣಾರ,
ನಮ್ಮ ಶಹನಾಯಿನ ನೀವು ನೋಡೀರಿ,
ನಿಮ್ಮ ಮಗನ ಮೆರವಣಿಗಿಗೂ ಅಕಿನ ಬಂದಿದ್ಲು.
ಎದಿ ಮ್ಯಾಲಿನ ಜರದ ಪಟ್ಟಿ ನೋಡೀರಿ,
ಪಟ್ಟಿ ಕೆಳಗ ನೋಡಿಲ್ಲ.

ಎರಡು ವರ್ಷದಾಕಿ ಇದ್ಲಾಗ.
ಸೂರಣಗಿ ದಾರ್ಯಾಗ ಯಾರೋ ಪಟಾಕಿ ಸರ ಹಚ್ಚಿದ್ರು,
ಮಬ್ಬು ಬ್ಯಾರೆ.
ಶೇಂಗಾ ಹೊಲದ ಬದುವಿಗೆ ತಂತಿ ಇದ್ದದ್ದು
ಅಕಿ ಕಣ್ಣಿಗೆ ಬೀಳಲಿಲ್ಲ.
ಎಮ್ಮಿ ಆಗಿದ್ರ ನಿಂತು ನೋಡತಿತ್ತು,
ಕುದರಿ ಮೊದಲ ಓಡತೈತಿ, ವಿಚಾರ ಆಮ್ಯಾಲ.
ಡಾಕ್ಟರು ಹೊಲಿಗಿ ಹಾಕೂವಾಗ
ಮೊಬೈಲ್ ಬೆಳಕ ಹಿಡದಾಕಿ ನಾನ.
ಮೂವತ್ತೊಂದರ ತನಕ ಎಣಿಸಿದೆ,
ಮುಂದ ಎಣಿಸಲಿಲ್ಲ.

ಅಣ್ಣಾರು ಏನೂ ಅನಲಿಲ್ಲ,
ಆಳು ಹುಡುಗಗ ಸನ್ನಿ ಮಾಡಿ
ಒಳಗಿಂದ ಬ್ಯಾರೆ ಬ್ಯಾರೆ ತರಿಸಿದ್ರು.

ನುಣ್ಣನ್ನ ತಂತಿ: ಮೈ ಹರಿಯೂದಿಲ್ಲ,
ಆದ್ರ ಕಾಣೂದೂ ಇಲ್ಲ, ಸಡಲಾದ್ರ ಕಾಲಿಗೆ ಉರಲು.
ಝಟಕಾ ತಂತಿ: ಸೋಲಾರು, ಬ್ಯಾಟರಿ, ಡಬ್ಬಿ,
ಬೆಲಿ ಕೇಳಿದ ಕೂಡಲೇ ನನಗ ಹೊಡೀತು ಝಟಕಾ.
ಕುರಿ ಜಾಳಿಗಿ: ಹಗರ, ಎತ್ತರನೂ ಸಾಕು.
"ಇದನ್ನ ಒಯ್ಯರಿ, ಅಗ್ಗಕ್ಕ ಅಗ್ಗ, ಚಂದಕ್ಕ ಚಂದ."

ಚೀಲದಾಗಿಂದ ಗ್ಲಾಸ ತಗದೆ.
"ಚಾ ನಾನ ತರಸ್ತಿದ್ನೆಲ್ಲ,
ಗ್ಲಾಸ ಯಾಕ ತಂದ್ರಿ?" ಅಣ್ಣಾರು ನಕ್ರು.
ಜಾಳಿಗಿ ಎತ್ತಿ ಹಿಡಿಯೋ ಅಂದೆ ಹುಡುಗಗ.
ಕಣ್ಣಿನಾಗ ಗ್ಲಾಸ ಇಟ್ಟು ಒಂದೀಟ ಒತ್ತಿದೆ,
ಸಲೀಸ ಹೊಕ್ಕಿತು,
ಬೆರಳ ಜಾರಿತು,
ಆ ಕಡೆ ಫರಸಿ ಮ್ಯಾಲ
ಫಳ್.

ಗಾಜು ಆರಿಸೂ ತನಕ ಮೂವರೂ ಮಾತಾಡಲಿಲ್ಲ.
ಒಳಗ ಹೋದ ಕಾಲನ್ನ ಮರಿ ಹೊರಗ ಜಗ್ಗೂ ಸಪ್ಪಳ
ನನಗಷ್ಟ ಕೇಳಿತೋ, ಅವರಿಗೂ ಕೇಳಿತೋ.
"ಇದು ಬ್ಯಾಡ್ರಿ" ಅಂದವರು ಅಣ್ಣಾರ.

ಸಣ್ಣ ಕಣ್ಣಿಂದು ಇತ್ತು. ತುಟ್ಟಿ.
ಗ್ಲಾಸಂತೂ ಇಲ್ಲ, ಮೂರು ಬೆರಳ ಕೂಡಿಸಿ ತೂರಿಸಿದೆ,
ಗಿಣ್ಣಿಗೆ ಬಂದು ನಿಂತ್ವು.
ಇದ್ದ ರೊಕ್ಕಕ್ಕ ಎರಡೆಕರೆ ಎಲ್ಲೀದು?
ಬೇವಿನ ಗಿಡದಿಂದ ಬಾವಿ ಹಾದಿ ತನಕ, ಐದು ಗುಂಟೆ.
ಕಲ್ಲಕಂಬ ಮಾವನ ಕಾಲದ್ದು ಅದಾವ.
ಓಡಾಕ ಸಾಲೂದಿಲ್ಲ, ಗೊತ್ತೈತಿ.
ಓಡಸಾಕ ದಿನಾ ನಸಕಿನಾಗ
ನಾನ ಹಗ್ಗ ಹಿಡದು ಕೆರಿ ದಂಡಿಗೆ ಹೋಗಬೇಕು.
ಬಿಲ್ಲಿನ ಕೆಳಗ ಅಣ್ಣಾರು ಬರದ್ರು:
ಗ್ಲಾಸ ಒಂದು, ಅಂಗಡಿ ಲೆಕ್ಕಕ್ಕ.

ತುದಿ ಎಲ್ಲಾ ಹೊರಗ ಮಣಸಿ ಕಟ್ಟಿದ್ವಿ.
ಹಳೇ ಜರದ ಪಟ್ಟಿ ಹರದು
ಮಾರಿಗೊಂದು ತುಂಡು ಗಂಟ ಹಾಕಿದೆ,
ಬಿಸಲಿಗೆ ಮಿಣಕ್ ಅಂತಾವ.
ಶಹನಾಯಿ ಮರಿ, ಸವಣೂರಿಂದ ತಂದ ತಬ್ಬಲಿ ಮರಿ,
ಎರಡೂ ಮೂಗ ಒತ್ತಿ ನೋಡಿದ್ವು,
ಜಾಳಿಗಿ ಹಿಂದಕ್ಕ ದಬ್ಬಿತು, ಸೀನಿದ್ವು,
ಮತ್ತ ಒತ್ತಿದ್ವು.

ಶಹನಾಯಿ ನಾಕು ಮಾರು ಈಚೀಗೆ ನಿಂತಾಳ,
ಇವತ್ತಿಗೆ ಹದಿನಾರು ದಿನ.
ಬೇಲಿ ಬುಡಕ ಮೇವು ಹಾಕಿದ್ರ ಬರೂದಿಲ್ಲ.
ಇದಕ್ಕ ಮುಳ್ಳಿಲ್ಲವ್ವಾ ಅಂತ ಒಮ್ಮೆ ಅಂದೆ,
ಕಿವಿ ಅಷ್ಟ ತಿರುವಿದ್ಲು.
ಈಗ ಅಕಿ ಪಾಲಿನ ಮೇವು
ಅಕಿ ನಿಂತಲ್ಲೇ ಹಾಕಿ ಬರ್ತೀನಿ.